ಪಾತ್ರೆಗೂ ಬಾಯಿದೆ

ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ನಾಟಕ ಕಟ್ಟಿದಾಗ ಅಚ್ಚು ಹಾಕಿಸುವ ಹ್ಯಾಂಡ್‌ಬಿಲ್ಲನ್ನು ಒಮ್ಮೆ ನಿಧಾನವಾಗಿ ಓದಬೇಕು. ನೆತ್ತಿಯ ಮೇಲೆ ಊರದೇವರು ಪ್ರಸನ್ನ. ಅದರ ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು. ಆಮೇಲೆ ಊರ ಹುಡುಗರ ಉದ್ದ ಸಾಲು. ಎಲ್ಲ ಮುಗಿದ ಮೇಲೆ ತಳದಲ್ಲಿ ‘ಸ್ತ್ರೀ ಪಾತ್ರಗಳಲ್ಲಿ’ ಎಂದು ಬರೆದು, ಪೇಟೆಯಿಂದ ಸಂಭಾವನೆ ಕೊಟ್ಟು ಕರೆಸಿದ ಇಬ್ಬರೋ ಮೂವರೋ ನಟಿಯರ ಹೆಸರು. ಮಾತಿನಲ್ಲಿ ಇದೆಲ್ಲ ‘ಪಾರ್ಟು’. ‘ಈ ಸಲ ನಂದು ಗೌಡನ ಪಾರ್ಟು’ ಎನ್ನುತ್ತಾರೆ ಹುಡುಗರು. ಅಚ್ಚಿಗೆ ಹೋದಾಗ ಮಾತ್ರ ಆ ಹೆಣ್ಣುಮಕ್ಕಳ ಹೆಸರಿನ ಮೇಲೆ ‘ಪಾತ್ರ’ ಬಂದು ಕೂರುತ್ತದೆ.

ಮದುವೆ ಕಾಲದಲ್ಲಿ ದಾವಣಗೆರೆಯ ಹಳೇ ಪೇಟೆಯ ಪಾತ್ರೆ ಅಂಗಡಿ ಮುಂದೆ ನಿಂತರೆ ಕಿವಿಗೆ ಚುಚ್ಚುವ ಕಿರ್ರೆಂಬ ಸದ್ದು. ಕೊಡ, ಬೋಗುಣಿ, ತಂಬಿಗೆಗಳ ಮೇಲೆ ಹೆಸರು ಕೊರೆಯುತ್ತಿರುತ್ತಾರೆ. ಹರಿಹರ ಅಲ್ಲಿಂದ ಹದಿನಾಲ್ಕೇ ಕಿಲೋಮೀಟರ್. ಮಲೆನಾಡಿನಲ್ಲಿ ಮಳೆ ಹಿಡಿದು ಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅಲ್ಲಿ ಧ್ವನಿವರ್ಧಕ ಕೂಗುತ್ತದೆ: ತುಂಗಭದ್ರಾ ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ಹೋಗಬೇಕು.

ನಟಿಯ ವೇಷ, ಅಡುಗೆಮನೆಯ ಬೋಗುಣಿ, ಹೊಳೆಯ ಹಾಸು. ಮೂರಕ್ಕೂ ಒಂದೇ ಪದ. ಗ್ರೀಕ್ ಪುರಾಣದ ಹೆಣ್ಣುಗಳನ್ನು ಹೆಣ್ಣಿನ ಕಣ್ಣಿನಿಂದ ಮತ್ತೆ ರಂಗಕ್ಕೆ ತರುವ ನಾಟಕಗಳ ಬಗ್ಗೆ ಯೋಚಿಸುವಾಗಲೆಲ್ಲ ಈ ಪದ ನನ್ನ ಕಾಲಿಗೆ ತೊಡರುತ್ತದೆ. ತೊಡರಿದ್ದನ್ನು ಬಿಡಿಸಿ ನೋಡಲೇಬೇಕೆನ್ನಿಸಿತು.

‘ಪಾ’ ಎಂದರೆ ಕುಡಿ. ಕುಡಿಯುವ ಸಾಧನ ಪಾತ್ರ. ಋಗ್ವೇದದಲ್ಲಿ ಅದು ಬಟ್ಟಲು. ಏನನ್ನಾದರೂ ಹುಯ್ದರೆ ಹಿಡಿದುಕೊಳ್ಳುವಂಥದ್ದು ಎಂಬ ಅರ್ಥದಿಂದ ‘ಹುಯ್ಯಲು ತಕ್ಕದ್ದು’ ಎಂಬ ಅರ್ಥ ಹುಟ್ಟಿತು. ಅಲ್ಲಿಂದ ಯೋಗ್ಯತೆ. ಅಮರಕೋಶದ ಹೊತ್ತಿಗೆ ಪಾತ್ರ ಎಂದರೆ ಭಾಂಡವೂ ಹೌದು, ಯೋಗ್ಯನೂ ಹೌದು. ಅದೇ ಕೋಶ ಬೇರೊಂದು ಕಡೆ, ನೀರಿನ ವರ್ಗದಲ್ಲಿ, ಎರಡು ದಡಗಳ ನಡುವಿನ ಜಾಗಕ್ಕೂ ಪಾತ್ರ ಎನ್ನುತ್ತದೆ. ಹರಿಹರದ ಧ್ವನಿವರ್ಧಕ ಕೂಗುವುದು ಆ ಕೋಶ ಬರೆದ ಅಮರಸಿಂಹನ ಕಾಲದ ಅರ್ಥವನ್ನೇ.

ಯೋಗ್ಯತೆಯ ಕವಲು ನಮ್ಮಲ್ಲಿ ಇನ್ನೂ ಹಸಿರಾಗಿದೆ. ಮೆಚ್ಚುಗೆಗೆ ಪಾತ್ರ, ಕೃಪೆಗೆ ಪಾತ್ರ, ಅಪಾತ್ರದಾನ. ಇಲ್ಲಿ ಪಾತ್ರ ಎಂದರೆ ಪಡೆಯುವವನು. ಕನ್ಯಾದಾನದ ಲೆಕ್ಕ ಹಾಕಿ ನೋಡಿ: ಕೊಡುವವನು ಅಪ್ಪ, ಕೊಡುವ ವಸ್ತು ಮಗಳು, ಪಾತ್ರ ಅಳಿಯ. ದಾನದ ಮಂಟಪದಲ್ಲಿ ಪಾತ್ರ ಗಂಡು. ರಂಗಮಂಟಪಕ್ಕೆ ಬಂದ ಕೂಡಲೇ ಅದೇ ಪದ ಹೆಣ್ಣಾಗುತ್ತದೆ.

ಈ ತಿರುವನ್ನು ಕಣ್ಣಾರೆ ನೋಡಬೇಕೆಂದರೆ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲ ಅಂಕ ತೆರೆಯಬೇಕು. ನಾಟ್ಯದ ಗುರು ಗಣದಾಸ ತನ್ನ ಶಿಷ್ಯೆಯನ್ನು ಮೆಚ್ಚಿಕೊಳ್ಳುತ್ತಾ, ಒಳ್ಳೆಯ ಪಾತ್ರದಲ್ಲಿ ಇಟ್ಟ ವಿದ್ಯೆ ಮೋಡದ ಹನಿ ಕಡಲ ಚಿಪ್ಪಿನಲ್ಲಿ ಮುತ್ತಾಗುವ ಹಾಗೆ ಇನ್ನೊಂದು ಗುಣ ಪಡೆಯುತ್ತದೆ ಎಂಬರ್ಥದ ಮಾತಾಡುತ್ತಾನೆ. ಬೋಗುಣಿ, ಯೋಗ್ಯತೆ, ಕುಣಿಯುವ ಹುಡುಗಿ ಮೂರೂ ಆ ಒಂದೇ ಪದದಲ್ಲಿ ಕೂಡಿಕೊಂಡಿವೆ. ಹೊಗಳಿಕೆ ಹೌದು, ದೊಡ್ಡ ಹೊಗಳಿಕೆಯೇ. ಆದರೂ ಹನಿ ಮೋಡದ್ದು, ಹುಯ್ದವನು ಗುರು. ಚಿಪ್ಪು ಹೇಗೆ ನೊಂದು ಮುತ್ತು ಕಟ್ಟಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಕನ್ನಡ ಶಾಸನಗಳಿಗೆ ಬಂದರೆ ಪಾತ್ರ ಎಂದರೆ ನೇರವಾಗಿ ದೇವಾಲಯದ ನರ್ತಕಿ. ದೇವರ ರಂಗಭೋಗಕ್ಕೆ ಭೂಮಿ ಬಿಟ್ಟ ದತ್ತಿಗಳಲ್ಲಿ ‘ಪಾತ್ರಪಾವುಳ’ ಎಂಬ ಜೋಡುನುಡಿ ಬರುತ್ತದೆ: ಕುಣಿಯುವವರು ಮತ್ತು ಅವರ ಪರಿವಾರ. ಅವರಿಗೆ ಪಾಲಿತ್ತು, ಮನೆಯಿತ್ತು, ಮರ್ಯಾದೆಯಿತ್ತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಗೆ ‘ವಿಚಿತ್ರ ನರ್ತನ ಪ್ರವರ್ತನ ಪಾತ್ರ ಶಿಖಾಮಣಿ’ ಎಂಬ ಬಿರುದು. ಪಟ್ಟದರಸಿಯೊಬ್ಬಳು ‘ಪಾತ್ರ’ ಎನ್ನಿಸಿಕೊಳ್ಳಲು ಹೆಮ್ಮೆಪಡುತ್ತಿದ್ದ ಕಾಲವಿತ್ತು. ಅದಾದ ನೂರು ವರ್ಷಕ್ಕೆ, 1224ರಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರದಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ. ಆ ಗುಡಿಯ ನುಣುಪಾದ ತಿರುಗಣೆ ಕಂಬಗಳ ನಡುವೆ ನಿಂತಾಗ ನನಗೆ ಬರುವ ಯೋಚನೆಯೇ ಬೇರೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರು ದೇವರು ಸೇರಿ ಒಂದೇ ಮೈ ತಾಳಿದ ಊರಿದು. ದೇವರಿಗೆ ಪಾತ್ರ ಎಂದರೆ ಬೇಕಾದಾಗ ತೊಟ್ಟು ಬಿಡಬಹುದಾದ ರೂಪ. ಗುಡಿಯ ಮುಂದೆ ಕುಣಿದವಳಿಗೆ ಅದು ಕಳಚಲಾಗದ ಹುಟ್ಟು.

ಕಳಚಲಾಗಲಿಲ್ಲ ಎನ್ನುವುದಕ್ಕೆ ಸಾಕ್ಷಿ ತದ್ಭವ. ಪಾತ್ರ ಸವೆದು ‘ಪಾತರ’ವಾಯಿತು. ಪಾತರ ಎಂದರೆ ಕುಣಿತ. ‘ಪಾತರದವಳು’ ಎಂದರೆ ಕುಣಿಯುವವಳು. ಮುಂದೆ ಅದೊಂದು ಬೈಗುಳ. ಹಿಂದಿಯ ‘ಪಾತುರ್’ ಕೂಡ ಇದೇ ಹಾದಿ ತುಳಿದದ್ದು. ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗದ ಗುಡ್ಡ ಹತ್ತಿದವರಿಗೆ ಈ ಪದದ ಹಿಂದಿನ ನೋವು ವಿವರಿಸಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿಸಲು ಮುತ್ತು ಕಟ್ಟುವ ಪದ್ಧತಿಯನ್ನು ರಾಜ್ಯದುದ್ದಕ್ಕೂ ಅಪರಾಧ ಎನ್ನಲು ಕರ್ನಾಟಕ 1982ರ ಕಾಯ್ದೆಯವರೆಗೆ ಕಾಯಬೇಕಾಯಿತು. ಶಿಖಾಮಣಿಯಿಂದ ಬೈಗುಳದವರೆಗೆ ಆ ಪದ ಇಳಿದ ಮೆಟ್ಟಿಲುಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಳು ಸವೆದಿದೆಯೋ.

ಆದರೂ ಭಾಷೆ ಒಂದು ಕರುಣೆ ತೋರಿದೆ. ಅದೇ ಪಾತರಕ್ಕೆ ಸೂಲಗಿತ್ತಿ, ಒಕ್ಕಲಗಿತ್ತಿಯರ ‘ಗಿತ್ತಿ’ ಸೇರಿ ‘ಪಾತರಗಿತ್ತಿ’ ಆಯಿತು. ಉತ್ತರ ಕರ್ನಾಟಕದ ಮಕ್ಕಳಿಗೆ ಅದು ಚಿಟ್ಟೆ. ಬೇಂದ್ರೆಯವರು ಅದನ್ನು ಹಾಡಿಗೆ ಏರಿಸಿದ ಮೇಲೆ ಕನ್ನಡದ ಎಲ್ಲ ಮಕ್ಕಳಿಗೂ ಗೊತ್ತಾಯಿತು. ಬೈಗುಳವಾಗಬೇಕಿದ್ದ ಪದ ರೆಕ್ಕೆ ಕಟ್ಟಿಕೊಂಡು ಹೂವಿನ ಮೇಲೆ ಕೂತಿದೆ.

ಇತ್ತ ಅಡುಗೆಮನೆಗೆ ಹೋದ ಕವಲು ‘ಪಾತ್ರೆ’ ಆಯಿತು. ಮಾಲಾ ಮಾಲೆಯಾಗುತ್ತದೆ, ಶಾಲಾ ಶಾಲೆಯಾಗುತ್ತದೆ, ಸೀತಾ ಸೀತೆಯಾಗುತ್ತಾಳೆ. ಸಂಸ್ಕೃತದ ಸ್ತ್ರೀಲಿಂಗದ ಪದಗಳು ಕನ್ನಡದಲ್ಲಿ ಸಾಮಾನ್ಯವಾಗಿ ತೊಡುವ ಎಕಾರವನ್ನು ನಪುಂಸಕಲಿಂಗದ ಪಾತ್ರವೂ ಒಲೆಯ ಮುಂದೆ ತೊಟ್ಟುಕೊಂಡಿತು. ವ್ಯಾಕರಣ ಇದನ್ನು ಸಣ್ಣ ಸಂಗತಿ ಎನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಪಾತ್ರೆಗೆ ಬಾಯಿದೆ, ಕಂಠವಿದೆ, ಹೊಟ್ಟೆಯಿದೆ. ಹೆಣ್ಣಿನ ಮೈಯ ಹೆಸರುಗಳನ್ನೆಲ್ಲ ಕೊಟ್ಟಿದ್ದೇವೆ. ಗ್ರೀಕರೂ ಗುಡಾಣದ ಅಂಚಿಗೆ ತುಟಿ ಎನ್ನುತ್ತಿದ್ದರು.

ಆ ತುಟಿಯ ಮಾತು ಬರುವುದು ಪಂಡೋರಳ ಕಥೆಯಲ್ಲಿ. ಇಂದಿಗೆ 2,700 ವರ್ಷಗಳ ಹಿಂದೆ ಹೆಸಿಯೋಡ್ ಎಂಬ ಕವಿ ಹೇಳಿದ ಕಥೆ. ಪ್ರೊಮಿಥಿಯಸ್ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟನೆಂಬ ಸಿಟ್ಟಿಗೆ ದೇವರಾಜ ಜ್ಯೂಸ್ ಒಂದು ಹೆಣ್ಣನ್ನು ಮಾಡಿಸುತ್ತಾನೆ. ಕಮ್ಮಾರದೇವರು ಮಣ್ಣು ನೀರು ಕಲಸಿ ಅವಳನ್ನು ರೂಪಿಸುತ್ತಾನೆ. ಅಂದರೆ ಕುಂಬಾರ ಮಡಕೆ ಮಾಡುವ ಹಾಗೆಯೇ. ಒಬ್ಬೊಬ್ಬ ದೇವರೂ ಒಂದೊಂದು ಉಡುಗೊರೆ ತುಂಬುತ್ತಾರೆ: ಸೀರೆ, ಒಡವೆ, ಚೆಲುವು, ವಂಚನೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಮಾಡಿದಂತೆ. ಅವಳು ಗುಡಾಣವೊಂದರ ಮುಚ್ಚಳ ತೆಗೆದಾಗ ಜಗತ್ತಿನ ಕಷ್ಟಗಳೆಲ್ಲ ಹೊರಬೀಳುತ್ತವೆ. ಭರವಸೆಯೊಂದು ಗುಡಾಣದ ತುಟಿಯ ಕೆಳಗೆ ಉಳಿಯುತ್ತದೆ.

ಪತ್ರಿಕೆಗಳಲ್ಲಿ ನಾವು ‘ಪಂಡೋರಾ ಪೆಟ್ಟಿಗೆ’ ಎಂದು ಬರೆಯುತ್ತೇವೆ. ಮೂಲದಲ್ಲಿ ಪೆಟ್ಟಿಗೆಯೇ ಇಲ್ಲ. ಹೆಸಿಯೋಡ್ ಬಳಸಿದ ಪದ ‘ಪಿಥೋಸ್’: ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ, ಆಳೆತ್ತರಕ್ಕೂ ಬೆಳೆಯುವ ಮಣ್ಣಿನ ಗುಡಾಣ, ನಮ್ಮ ಹಳ್ಳಿಯ ವಾಡೆ ಇದ್ದ ಹಾಗೆ. ಹದಿನಾರನೇ ಶತಮಾನದಲ್ಲಿ ಎರಾಸ್ಮಸ್ ಎಂಬ ವಿದ್ವಾಂಸ ಲ್ಯಾಟಿನ್ನಿಗೆ ತರುವಾಗ ಅದನ್ನು ‘ಪಿಕ್ಸಿಸ್’ ಎಂಬ ಚಿಕ್ಕ ಡಬ್ಬಿಯಾಗಿಸಿದ. ಒಂದು ಪದ ಬದಲಾಗಿ ಹೆಣ್ಣಿನ ಕಥೆಯೇ ಬದಲಾಯಿತು. ಕಣಜ ಕಾಯುವ ಯಜಮಾನಿ, ಕದ್ದು ಡಬ್ಬಿ ತೆರೆಯುವ ಕುತೂಹಲದ ಹುಡುಗಿಯಾದಳು. ಗುಡಾಣಕ್ಕೆ ಮರಳಿದರೆ ಇನ್ನೂ ಹಳೆಯವಳೊಬ್ಬಳು ಕಾಣುತ್ತಾಳೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಕ್ರಿಸ್ತಪೂರ್ವ ಐದನೇ ಶತಮಾನದ ಒಂದು ಬಟ್ಟಲಿನ ಮೇಲೆ, ದೇವರುಗಳು ಅವಳನ್ನು ಸಿಂಗರಿಸುವ ದೃಶ್ಯದಲ್ಲಿ, ಅವಳ ಹೆಸರು ‘ಅನೆಸಿಡೋರಾ’, ನೆಲದಿಂದ ಕೊಡುಗೆಗಳನ್ನು ಮೇಲಕ್ಕೆ ಕಳಿಸುವವಳು. ಈ ಭೂಮಿತಾಯಿಯ ಜಾಡನ್ನು 1903ರಲ್ಲಿ ಜೇನ್ ಹ್ಯಾರಿಸನ್ ಎಂಬ ವಿದುಷಿ ಎತ್ತಿ ತೋರಿಸಿದರು. ಎಲ್ಲವನ್ನೂ ಕೊಡುವವಳು ಎಲ್ಲರಿಂದ ಪಡೆದವಳಾದದ್ದು ಕವಿಯ ಕೈಯಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಇದು: ಅವಳೊಳಗೆ ಮನುಷ್ಯರ ದನಿಯನ್ನು ಇಟ್ಟರು ಎಂದು ಹೆಸಿಯೋಡ್ ಬರೆಯುತ್ತಾನೆ, ಒಮ್ಮೆಯಲ್ಲ ಎರಡು ಸಲ. ಆದರೆ ಅವಳಿಂದ ಒಂದೇ ಒಂದು ಮಾತನ್ನೂ ಆಡಿಸುವುದಿಲ್ಲ.

ಅಥೆನ್ಸಿನ ರಂಗಕ್ಕೆ ಬಂದರೆ ಹೆಣ್ಣುಗಳು ಮಾತಾಡುತ್ತಾರೆ, ಭೋರ್ಗರೆಯುತ್ತಾರೆ. ಅಂತಿಗೊನೆ, ಮೀಡಿಯಾ, ಎಲೆಕ್ಟ್ರಾ, ಹೆಕುಬಾ, ನಾಟಕಗಳ ಹೆಸರೇ ಅವರದ್ದು. ಬರೆದವರು ಗಂಡಸರು, ಮುಖವಾಡ ಹಾಕಿ ಆಡಿದವರು ಗಂಡಸರು. ಕ್ರಿಸ್ತಪೂರ್ವ 458ರಲ್ಲಿ ಆಡಿದ ಈಸ್ಕಿಲಸನ ನಾಟಕದಲ್ಲಿ ತಾಯಿಯನ್ನು ಕೊಂದ ಮಗನ ವಿಚಾರಣೆ ನಡೆಯುತ್ತದೆ. ಅಪೊಲೊ ದೇವರೇ ಎದ್ದು ನಿಂತು, ತಾಯಿ ಎಂಬುವಳು ಹೆತ್ತವಳಲ್ಲ, ಬಿತ್ತಿದ ಬೀಜವನ್ನು ಸಾಕಿ ಕೊಡುವವಳಷ್ಟೆ ಎಂದು ವಾದಿಸುತ್ತಾನೆ. ಮಗ ಬಿಡುಗಡೆಯಾಗುತ್ತಾನೆ. ನಮ್ಮ ಮನುಸ್ಮೃತಿಯ ಬೀಜ–ಕ್ಷೇತ್ರದ ಮಾತೂ ಇದೇ. ಹೆಣ್ಣು ಪಾತ್ರೆ ಎಂಬ ನಂಬಿಕೆಗೆ ಕಡಲು ಅಡ್ಡಿಯಾಗಲಿಲ್ಲ.

ಆದರೆ ಆ ನಾಟಕಗಳಲ್ಲಿ ಹೆಣ್ಣುಗಳ ಕೈಯಲ್ಲಿ ನಿಜವಾದ ಪಾತ್ರೆಗಳೂ ಇವೆ. ಅಂತಿಗೊನೆಯನ್ನು ಕಾವಲುಗಾರ ಹಿಡಿದಾಗ ಅವಳ ಕೈಯಲ್ಲಿ ಕಂಚಿನ ಕೊಡವಿರುತ್ತದೆ. ಅಣ್ಣನ ಶವದ ಮೇಲೆ ಮೂರು ಸಲ ತರ್ಪಣ ಹುಯ್ಯುತ್ತಿರುತ್ತಾಳೆ. ದೊರೆಯ ಆಜ್ಞೆಯನ್ನು ಅವಳು ಮುರಿದದ್ದು ಒಂದು ಹಿಡಿ ಮಣ್ಣಿನಿಂದ, ಒಂದು ಪಾತ್ರೆಯಿಂದ. ಎಲೆಕ್ಟ್ರಾ ತಮ್ಮನ ಬೂದಿ ಎಂದು ನಂಬಿ ಕುಡಿಕೆಯೊಂದನ್ನು ಎದೆಗವಚಿ ಅಳುತ್ತಾಳೆ. ಪೋಲಸ್ ಎಂಬ ಹೆಸರಾಂತ ನಟನ ಬಗ್ಗೆ ರೋಮಿನ ಲೇಖಕ ಔಲಸ್ ಗೆಲ್ಲಿಯಸ್ ಒಂದು ಸಂಗತಿ ಹೇಳುತ್ತಾನೆ. ಮಗನನ್ನು ಕಳೆದುಕೊಂಡ ಪೋಲಸ್, ದುಃಖದ ದಿನಗಳು ಮುಗಿದ ಮೇಲೆ ಎಲೆಕ್ಟ್ರಾಳಾಗಿ ರಂಗಕ್ಕೆ ಬಂದಾಗ, ಸುಳ್ಳು ಕುಡಿಕೆಯ ಬದಲು ತನ್ನ ಮಗನ ಬೂದಿಯಿದ್ದ ಕುಡಿಕೆಯನ್ನೇ ಹಿಡಿದು ತಂದನಂತೆ. ಹೆಣ್ಣಿನ ವೇಷದ ಒಬ್ಬ ತಂದೆ. ಕೈಯಲ್ಲಿ ಪಾತ್ರೆ, ಮೈಮೇಲೆ ಪಾತ್ರ, ಒಳಗೆ ತನ್ನದೇ ಸಂಕಟ. ಈ ಸಂಗತಿ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕನ್ನಡಕ್ಕೆ ಈ ಹೆಣ್ಣುಗಳು ಬಂದು ಸುಮಾರು ನೂರು ವರ್ಷ. ಬಿ.ಎಂ. ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ಗೆ ಸೋಫೋಕ್ಲಿಸನ ‘ಅಯಾಸ್’ ನಾಟಕವನ್ನು ಅಚ್ಚಾಗಿಟ್ಟುಕೊಂಡರು. ಆ ಗ್ರೀಕ್ ನಾಟಕದಲ್ಲಿ ಸೆರೆಯಾಳಾಗಿ ಬಂದು ಮಡದಿಯಾದ ಟೆಕ್ಮೆಸ್ಸಾ ಇದ್ದಾಳೆ. ಹೆಣ್ಣಿಗೆ ಮೌನವೇ ಒಡವೆ ಎಂಬ ಹಳೆಯ ಮಾತು ಹೇಳಿ ಗಂಡ ತನ್ನ ಬಾಯಿ ಮುಚ್ಚಿಸಿದ್ದನ್ನು ಅವಳು ಮೇಳದವರೆದುರು ಹೇಳಿಕೊಳ್ಳುತ್ತಾಳೆ. ಹೇಳಿಕೊಂಡ ಕ್ಷಣದಲ್ಲೇ ಆ ಒಡವೆ ಕಳಚಿ ಬೀಳುತ್ತದೆ. ಪಿ. ಲಂಕೇಶ್ ‘ಅಂತಿಗೊನೆ’ಯನ್ನು ಕನ್ನಡಕ್ಕೆ ತಂದರು, ಕೆ. ಮರುಳಸಿದ್ದಪ್ಪ ‘ಮೀಡಿಯಾ’ವನ್ನು. ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಲ್ಲುವೆ ಎನ್ನುವ ಮೀಡಿಯಾ, ಅಪೊಲೊನ ವಾದ ಮುಗಿದ ಇಪ್ಪತ್ತೇಳು ವರ್ಷಕ್ಕೆ ಅದೇ ಊರಿನ ರಂಗದ ಮೇಲೆ ಅವನಿಗೆ ಕೊಟ್ಟ ಉತ್ತರದಂತೆ ಕೇಳಿಸುತ್ತಾಳೆ. ಆ ವರ್ಷದ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಸಿಕ್ಕಿದ್ದು ಕೊನೆಯ ಸ್ಥಾನ.

ನಮ್ಮ ಕಾಲದ ಹೆಣ್ಣುಮಕ್ಕಳು ಈ ಗುಡಾಣಗಳ ಮುಚ್ಚಳವನ್ನು ತಾವೇ ತೆಗೆದರು. ಇಟಲಿಯ ಫ್ರಾಂಕಾ ರಾಮೆ ಮೀಡಿಯಾಳನ್ನು ಒಬ್ಬಳೇ ನಿಂತು ಆಡುವ ಹಳ್ಳಿಗಿತ್ತಿಯ ಮಾತಾಗಿಸಿದರು. ಕೆನಡಾದ ಮಾರ್ಗರೆಟ್ ಅಟ್ವುಡ್ ‘ಪೆನೆಲೊಪಿಯಾಡ್’ನಲ್ಲಿ ಒಡಿಸ್ಸಿಯಸನ ಹೆಂಡತಿಗೂ, ಅವನು ಮರಳಿ ಬಂದ ಮೇಲೆ ನೇಣು ಕಂಡ ಹನ್ನೆರಡು ದಾಸಿಯರಿಗೂ ಬಾಯಿ ಕೊಟ್ಟರು. 2007ರಲ್ಲಿ ಅದು ರಂಗಕ್ಕೆ ಬಂದಾಗ ಹದಿಮೂರು ಹೆಣ್ಣುಮಕ್ಕಳೇ ಎಲ್ಲವನ್ನೂ ಆಡಿದರು, ಗಂಡಸರ ವೇಷಗಳನ್ನೂ ಸೇರಿಸಿ. ಅದನ್ನು ಓದಿ ಅಚ್ಚರಿಪಡುವ ಮೊದಲು ಕನ್ನಡಿಗರು ಆರ್. ನಾಗರತ್ನಮ್ಮನವರನ್ನು ನೆನೆಯಬೇಕು. 1958ರಲ್ಲೇ ಅವರು ಬರೀ ಹೆಣ್ಣುಮಕ್ಕಳ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ ತಾವೇ ಕಂಸನಾಗಿ, ರಾವಣನಾಗಿ ಅಬ್ಬರಿಸಿದ್ದರು.

ದಾವಣಗೆರೆಯ ಹೆಸರು ಇಲ್ಲಿ ಬರಲೇಬೇಕು. ಇದು ಕಂಪನಿ ನಾಟಕದ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಕಂಪನಿಗಳು ಕ್ಯಾಂಪ್ ಹಾಕುತ್ತವೆ. ತಗಡಿನ ಥಿಯೇಟರ್ ಏಳುತ್ತದೆ. ಚಿಂದೋಡಿ ಲೀಲಾ ಈ ಊರಿನವರು. ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದು, ಅದರ ಹೊಣೆ ಹೊತ್ತರು. ‘ಪೊಲೀಸನ ಮಗಳು’ 1,101 ಪ್ರಯೋಗ ಕಂಡಿತು. 1988ರಲ್ಲಿ ಪದ್ಮಶ್ರೀ ಬಂತು. 2010ರ ಜನವರಿಯಲ್ಲಿ ತೀರಿಕೊಂಡರು. ಕಂಪನಿ ನಟಿ ಎಂದರೆ ಮದುವೆ ಮನೆಯಲ್ಲಿ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ‘ಪಾತರದವಳು’ ಎಂಬ ಪದ ಇನ್ನೂ ಹಸಿ ಗಾಯವಾಗಿದ್ದಾಗ, ದಿನ ದಿನವೂ ಬಣ್ಣ ಹಚ್ಚಿ ಸಾವಿರಾರು ಜನರ ಕಣ್ಣಿಗೆ ಕಣ್ಣು ಕೊಟ್ಟು ನಿಂತವರು ಇವರು ಮತ್ತು ಇವರಂಥ ನೂರಾರು ನಟಿಯರು. ಅವರ ನಾಟಕಗಳ ಹೆಸರುಗಳಲ್ಲಿ ಹೆಣ್ಣು ಯಾರದೋ ಮಗಳು, ಯಾವುದೋ ಹಳ್ಳಿಯ ಹುಡುಗಿ. ಆ ಮಾತುಗಳನ್ನು ಬರೆದವರು ಸ್ತ್ರೀವಾದ ಎಂಬ ಪದ ಕೇಳಿರಲಿಕ್ಕಿಲ್ಲ. ಆದರೆ ಆ ಮೈಕಿನ ಮುಂದೆ ನಿಂತು, ಬರೆದದ್ದಕ್ಕಿಂತ ಎರಡು ಮಾತು ಹೆಚ್ಚಿಗೆ ಆಡಿ, ಗ್ಯಾಲರಿಯಿಂದ ಕೂಗಿದವನಿಗೆ ತಿರುಗೇಟು ಕೊಟ್ಟು ಮತ್ತೆ ಕಥೆಗೆ ಮರಳುವ ಕಂಪನಿ ನಟಿಯನ್ನು ನೋಡಿದವರಿಗೆ ಗೊತ್ತು, ಅವಳು ಬರೀ ತುಂಬಿಸಿಕೊಂಡವಳಲ್ಲ.

ಅಮರಕೋಶದ ನೀರಿನ ವರ್ಗದ ಅರ್ಥ ನನಗೆ ಹೊಳೆದದ್ದು ಇಲ್ಲಿ. ಮಡಕೆಯ ಲೆಕ್ಕದಲ್ಲಿ ಪಾತ್ರೆ ಮೊದಲು, ನೀರು ಆಮೇಲೆ. ಹೊಳೆಯ ಲೆಕ್ಕ ತಿರುವುಮುರುವು. ನೀರು ಮೊದಲು, ಪಾತ್ರವನ್ನು ಅದು ಹರಿಯುತ್ತ ಹರಿಯುತ್ತ ತಾನೇ ಕೊರೆದುಕೊಳ್ಳುತ್ತದೆ. ಹರಿಹರದ ಸೇತುವೆಯ ಮೇಲೆ ನಿಂತು ಆಷಾಢದ ತುಂಗಭದ್ರೆಯನ್ನು ನೋಡಿದರೆ ದಡ ಎಲ್ಲಿರಬೇಕೆಂದು ಯಾರು ಹೇಳುತ್ತಿದ್ದಾರೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಈಗ ಪತ್ರಿಕೆಗಳು ದಿನವೂ ‘ಮಹತ್ವದ ಪಾತ್ರ ವಹಿಸಿದೆ’ ಎಂದು ಬರೆಯುತ್ತವೆ, ರಸಗೊಬ್ಬರಕ್ಕೂ, ರಸ್ತೆಗೂ, ಸಮಿತಿಗೂ. ವಹಿಸುವುದು ಎಂದರೆ ಹೊರುವುದು. ಕೊಡವನ್ನು ಹೊರಬಹುದು. ಹೊಳೆಯ ಪಾತ್ರವನ್ನು ಹೊರುವುದು ಹೇಗೆ?

ನಟನಿಗೆ ಗ್ರೀಕರ ಪದ ‘ಹಿಪೊಕ್ರಿಟೀಸ್’. ಉತ್ತರ ಕೊಡುವವನು ಎಂಬುದು ಅದರ ಅರ್ಥ ಎಂದು ಹಲವರು ಬಿಡಿಸುತ್ತಾರೆ. ಮೇಳ ಕೇಳುತ್ತದೆ, ಒಬ್ಬ ಮುಂದೆ ಬಂದು ಉತ್ತರಿಸುತ್ತಾನೆ. ನಮ್ಮದು ಹಿಡಿದುಕೊಳ್ಳುವ ಪದ, ಅವರದು ಮಾರುತ್ತರದ ಪದ. ಆದರೆ ಆ ಉತ್ತರ ನಮ್ಮಲ್ಲೂ ಇದೆ, ದೊಡ್ಡಾಟದಲ್ಲಿದೆ. ಹೊಸ ವೇಷ ರಂಗಕ್ಕೆ ಬಂದಾಗ ಆಟ ನಡೆಸುವ ಸಾರಥಿ ತಡೆದು ಕೇಳುತ್ತಾನೆ: ತಾವು ಯಾರು, ಯಾವ ಊರು, ನಾಮಾಂಕಿತವೇನು? ದೊರೆಯಾದರೂ, ರಕ್ಕಸನಾದರೂ, ದೇವಿಯಾದರೂ ತನ್ನ ಬಾಯಿಂದಲೇ ಹೇಳಿಕೊಳ್ಳಬೇಕು. ಬೇರೆಯವರು ಪರಿಚಯ ಮಾಡಿಕೊಟ್ಟರೆ ಆಟ ನಡೆಯದು.

ದಾವಣಗೆರೆಯ ಹುಡುಗಿಯೊಬ್ಬಳು ಪಂಡೋರಳನ್ನು ಆಡುವುದನ್ನು ನೋಡುವ ಆಸೆ ನನಗಿದೆ. ಎರಕದ ಮುಖವಾಡ ಬೇಡ, ಗ್ರೀಕ್ ಕಂಬಗಳು ಬೇಡ. ನಡುವೆ ಒಂದು ವಾಡೆ ಇರಲಿ. ಬದಿಯಲ್ಲಿ ಹಾರ್ಮೋನಿಯಂ, ಮದ್ದಳೆ, ತಾಳ. ದೇವರುಗಳ ವೇಷದ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಅವಳಿಗೆ ಮುಯ್ಯಿ ಹಾಕಿ, ಪಾತ್ರೆಗಳ ಮೇಲೆ ತಮ್ಮ ತಮ್ಮ ಹೆಸರು ಕೊರೆಸಿ ಹೋಗಲಿ. ಆಮೇಲೆ ಗದ್ದಲ ನಿಲ್ಲಲಿ. ಸಾರಥಿ ಮುಂದೆ ಬಂದು ಕೈ ಮುಗಿದು ಕೇಳಲಿ: ತಾಯೀ, ತಾವು ದಾರು? ತಾಳದವನು ಕೈ ತಡೆದು ಕಾಯಲಿ, ಅವಳು ಬಾಯಿ ತೆರೆಯುವವರೆಗೆ.